ಪ್ರಾಸೆಸರಿನಲ್ಲೂ ಪಟೋರ ಉಂಟಾ?

ನಮ್ಮ ಬದಿಯಡ್ಕದ ಕಡೆ ಮನೆಗೆ ಏನಾದರೂ ದೊಡ್ಡ ಸಾಮಾನು ತರುವುದಿದ್ದರೆ ಮೊದಲು ನೋಡುವುದು ಅಡಿಕೆ ರೇಟು. ಫ್ರಿಜ್ ಆಗಲಿ, ಸ್ಕೂಟರ್ ಆಗಲಿ, ಮಂಗಳೂರು ಮಾರುಕಟ್ಟೆ ಏನನ್ನುತ್ತದೆ ಎಂದು ಪೇಪರಿನಲ್ಲಿ ನೋಡಿಯೇ ಮುಂದಿನ ಮಾತು. ಹಾಗಾಗಿ ತುಲಾ ತಿಂಗಳ ಸಿಡಿಲೊಂದು ನೆಟ್ ಕೇಬಲ್ ಹಿಡಿದುಕೊಂಡು ಒಳಗೆ ಬಂದು ನನ್ನ ಹಳೆ ಕಂಪ್ಯೂಟರನ್ನು ಸುಟ್ಟಾಗ ಅಪ್ಪ ಮೊದಲು ಕೇಳಿದ್ದು "ಯಾರಿಗೂ ಎಂತ ಆಗಲಿಲ್ಲ ಅಲ್ವಾ?" ಎಂದು. ಎರಡನೆಯ ಪ್ರಶ್ನೆ, "ಹಳೆ ಅಡಿಕೆ ಈಗಲೇ ಕೊಡುವುದಾ, ಇನ್ನೊಂದು ವಾರ ಕಾಯುವುದಾ?"

ಕಾಯುವ ಹಾಗಿರಲಿಲ್ಲ. ನಾನು ಮನೆಯಲ್ಲೇ ಡಿಟಿಪಿ ಮಾಡುವವನು. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಕೈಯಲ್ಲಿತ್ತು. ನಮ್ಮ ಊರಿನ ಬ್ರಹ್ಮಕಲಶದ ಆಮಂತ್ರಣ ನೋಡಿದವರಿಗೆ ಗೊತ್ತು, ಅದರಲ್ಲಿ ಹೆಸರಿಲ್ಲದವರು ಎಂದರೆ ಇನ್ನೂ ಹುಟ್ಟದವರು ಮಾತ್ರ.

ತಮ್ಮನ ಮಗ, ಮನೆಯವರ ಬಾಯಲ್ಲಿ ಮಾಣಿ, ಇಂಜಿನಿಯರಿಂಗ್ ಓದುತ್ತಿದ್ದಾನೆ. "ರೆಡಿಮೇಡ್ ಬೇಡ ದೊಡ್ಡಪ್ಪ, ನಾವೇ ಜೋಡಿಸುವ. ಕಂಪ್ಯೂಟರಿನ ಮಿದುಳು ಪ್ರಾಸೆಸರ್, ಅದೊಂದು ಸರಿಯಾಗಿ ಆರಿಸಿದರೆ ಉಳಿದದ್ದೆಲ್ಲ ತಾನಾಗಿ ಕೂರ್ತದೆ" ಎಂದ. ಆರಿಸುವ ಕೆಲಸ ಜಗಲಿಯಲ್ಲಿ ನಡೆಯಿತು. ಜಗಲಿಯಲ್ಲಿ ನಡೆದ ಮೇಲೆ ದಾರಿಯಲ್ಲಿ ಹೋಗುವವರಿಗೂ ಒಂದು ಅಭಿಪ್ರಾಯ ಇರಬೇಕಲ್ಲ.

ಪಕ್ಕದ ಮನೆಯ ನಿವೃತ್ತ ಮಾಷ್ಟ್ರು ತಮ್ಮ ಮಗನ ಹಳೆ ಐ ಸೆವೆನ್, ಇಂಟೆಲ್ ಕಂಪನಿಯ ಪ್ರಾಸೆಸರ್, ಇದೆ, ಬೇಕಾದರೆ ಕೊಡುತ್ತೇನೆ ಎಂದರು. "ನೀವು ಐ ತ್ರೀ, ಐ ಫೈವ್ ಅಂತ ಯಾಕೆ ಒದ್ದಾಡ್ತೀರಿ? ಏಳು ಐದಕ್ಕಿಂತ ದೊಡ್ಡದು. ನಾನು ಗಣಿತ ಕಲಿಸಿದವನು." ಗಣಿತ ಸರಿಯೇ. ಆದರೆ ಅವರದ್ದು ಐ ಸೆವೆನ್ 2600, 2011ರ ಮಾಲು. ಅದರಲ್ಲಿ ನಾಲ್ಕು ಕೋರ್, ಅಂದರೆ ಕೆಲಸ ಮಾಡುವ ನಾಲ್ಕು ತಲೆ, ಮತ್ತು ಎಂಟು ಥ್ರೆಡ್, ಅಂದರೆ ಒಟ್ಟಿಗೆ ಸಾಗುವ ಎಂಟು ಕೆಲಸದ ಸಾಲು. ಹನ್ನೆರಡನೇ ತಲೆಮಾರಿನ ಐ ತ್ರೀ 12100ರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್, ಮತ್ತು ಅದು ಆ ಹಳೆ ಏಳನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತದೆ. ಅದೂ ಅಲ್ಲದೆ ವಿಂಡೋಸ್ 11ಕ್ಕೆ ಇಂಟೆಲ್‌ನದ್ದಾದರೆ ಎಂಟನೇ ತಲೆಮಾರಾದರೂ ಬೇಕು. ಇದನ್ನು ಮಾಣಿ ವಿವರಿಸಿದ. ಮಾಷ್ಟ್ರು ಕೇಳಿಕೊಂಡು, "ಆದರೂ ಏಳು ಏಳೇ" ಎಂದು ಎದ್ದು ಹೋದರು.

ಅಪ್ಪನ ಸಂಶಯ ಬೇರೆ ಕಡೆ ಇತ್ತು. 2004ರಲ್ಲೇ ಪೆಂಟಿಯಮ್ 4 ಎಂಬುದು 3.8 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 380 ಕೋಟಿ ಸುತ್ತಿನ ವೇಗ, ಮುಟ್ಟಿತ್ತು ಎಂದು ಮಾಣಿ ಬಾಯಿ ತಪ್ಪಿ ಹೇಳಿಬಿಟ್ಟ. ಈಗ ನೋಡುತ್ತಿದ್ದದ್ದು ಜಾಸ್ತಿ ಎಂದರೆ 4.4. "ಇಪ್ಪತ್ತು ವರ್ಷದಲ್ಲಿ ಇಷ್ಟೇನಾ ಏರಿದ್ದು?" ಎಂದು ಅಪ್ಪ ಕನ್ನಡಕ ತೆಗೆದರು. "ಅಡಿಕೆಯೇ ವಾಸಿ." ಒಂದು ಸುತ್ತಿನಲ್ಲಿ ಮಾಡುವ ಕೆಲಸ ಹೆಚ್ಚಾಗಿದೆ, ಆಗ ಒಂದೇ ಕೋರ್ ಇತ್ತು, ಈಗ ಆರು ಎಂಟು ಇವೆ, ಗಿಗಾಹರ್ಟ್ಸ್ ಒಂದನ್ನೇ ಹಿಡಿದು ಎರಡು ಬೇರೆ ಕಾಲದ ಪ್ರಾಸೆಸರುಗಳನ್ನು ತೂಗಲಿಕ್ಕೆ ಆಗುವುದಿಲ್ಲ ಎಂದು ನಾನು ಹೇಳಿದೆ. ಅಪ್ಪ ಒಪ್ಪಲಿಲ್ಲ. ಆದರೆ ಅಂಗಡಿಗೆ ತಾನೂ ಬರುತ್ತೇನೆ ಎಂದರು.

ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಹುಡುಗ ಮಲಯಾಳದಲ್ಲಿ ಶುರು ಮಾಡಿ, ಅಪ್ಪನ ಮುಖ ನೋಡಿ ಕನ್ನಡಕ್ಕೆ ಬಂದ. ಮಾಣಿಯ ಮನಸ್ಸು ಐ ಫೈವ್ 12400ಎಫ್ ಮೇಲಿತ್ತು. ಪಕ್ಕದಲ್ಲೇ ಎಫ್ ಇಲ್ಲದ 12400 ಕೂಡ ಇತ್ತು, ಅದಕ್ಕೆ ರೇಟು ಜಾಸ್ತಿ.

"ಎರಡೂ ಒಂದೇ ಅಂತೀರಿ. ಮತ್ತೆ ಇದಕ್ಕೆ ಯಾಕೆ ಕಡಿಮೆ?" ಅಪ್ಪ ಕೇಳಿದರು.

"ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಬಂದ್ ಮಾಡಿರ್ತಾರೆ. ಬೇರೆ ಕಾರ್ಡ್ ಹಾಕದೆ ಸ್ಕ್ರೀನಲ್ಲಿ ಎಂತ ಬರುದಿಲ್ಲ."

"ಬಂದ್ ಯಾಕೆ ಮಾಡಿದ್ದು?"

ಹುಡುಗ ಬುದ್ಧಿವಂತ, ಸುಮ್ನೆ ಮಾತು ತೇಲಿಸಲಿಲ್ಲ. 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ಪುಗಳನ್ನು ಒಟ್ಟಿಗೆ ತಯಾರು ಮಾಡುತ್ತಾರೆ. ಆಮೇಲೆ ಒಂದೊಂದನ್ನೇ ಪರೀಕ್ಷೆ ಮಾಡುತ್ತಾರೆ. ಎಂಟು ಕೋರ್ ಇದ್ದದ್ದರಲ್ಲಿ ಒಂದೆರಡು ಸರಿ ಇಲ್ಲದಿದ್ದರೆ ಎರಡನ್ನು ಬಂದ್ ಮಾಡಿ ಆರು ಕೋರಿನದ್ದೆಂದು ಮಾರುತ್ತಾರೆ. ಗ್ರಾಫಿಕ್ಸ್ ಕೈಕೊಟ್ಟಿದ್ದರೆ ಅದನ್ನು ಮುಚ್ಚಿ ಎಫ್ ಎಂದು ಮಾರಬಹುದು.

ಅಪ್ಪನ ಮುಖ ಅರಳಿತು. ಐವತ್ತು ವರ್ಷ ಅಂಗಳದಲ್ಲಿ ಕೂತು ಅಡಿಕೆ ಹೆಕ್ಕಿದವರು ಅವರು. ಒಂದೇ ತೋಟ, ಒಂದೇ ಕೊಯ್ಲು, ಆದರೆ ಒಳ್ಳೆಯದು ಬೇರೆ, ಸ್ವಲ್ಪ ದೋಷ ಇದ್ದದ್ದು ಪಟೋರ, ಅದಕ್ಕಿಂತ ಕೆಳಗೆ ಉಳ್ಳಿಗಡ್ಡೆ, ಕೋಕ.

"ಅಂದರೆ ಇದು ಪಟೋರ" ಎಂದರು ಎಫ್ ಪೆಟ್ಟಿಗೆ ತೋರಿಸಿ.

ಮಾಣಿಗೆ ಅವಮಾನವಾಯಿತು. "ಅಜ್ಜ, ಎಲ್ಲ ಹಾಗಿಲ್ಲ. ಬೇಡಿಕೆ ಜಾಸ್ತಿ ಇದ್ದರೆ ಸರಿ ಇದ್ದ ಚಿಪ್ಪನ್ನೂ ಬಂದ್ ಮಾಡಿ ಕಡಿಮೆಗೆ ಮಾರ್ತಾರೆ."

"ಒಳ್ಳೆ ಅಡಿಕೆಯನ್ನು ಬೇಕಂತಲೇ ಪಟೋರದ ರಾಶಿಗೆ ಹಾಕುವವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ" ಎಂದು ಅಪ್ಪ ಎಫ್ ಪೆಟ್ಟಿಗೆಯನ್ನು ಹಿಂದೆ ಸರಿಸಿದರು. ಅಂಗಡಿಯಲ್ಲಿದ್ದ ಇನ್ನೊಬ್ಬರು ಗಿರಾಕಿ, ಅವರೂ ಕೃಷಿಕರೇ ಇರಬೇಕು, ತಮ್ಮ ಕೈಯಲ್ಲಿದ್ದ ಪೆಟ್ಟಿಗೆಯನ್ನು ತಿರುಗಿಸಿ ಎಫ್ ಇದೆಯಾ ಎಂದು ನೋಡಿಕೊಂಡರು.

ಅಷ್ಟರಲ್ಲಿ ಬೆಂಗಳೂರಿನಿಂದ ಭಾವನ ಫೋನು. ಅವರು ಹೊಸ ಕಂಪ್ಯೂಟರ್ ಕೊಂಡದ್ದರಿಂದ ಹಳೆಯದರ ಬಿ450 ಮದರ್‌ಬೋರ್ಡ್, ಅಂದರೆ ಪ್ರಾಸೆಸರ್ ಮತ್ತು ಉಳಿದದ್ದೆಲ್ಲ ಕೂರುವ ಹಲಗೆ, ಖಾಲಿ ಬಿದ್ದಿದೆ, ಬಸ್ಸಲ್ಲಿ ಕಳಿಸುತ್ತೇನೆ ಎಂದರು. "ಪ್ರಾಸೆಸರ್ ಕೂರುವ ಸಾಕೆಟ್ ಎಎಂ4. ಎಎಂಡಿ ಕಂಪನಿಯ ರೈಜನ್ ಯಾವುದು ತಗೊಂಡರೂ ಕೂರ್ತದೆ ಭಾವ." ಪುಕ್ಕಟೆ ಬೋರ್ಡು ಎಂದ ಕೂಡಲೇ ನಮ್ಮ ಸಂಶೋಧನೆಯೆಲ್ಲ ಅಲ್ಲಿಗೆ ಮುಗಿಯಿತು. ಆ ಬೋರ್ಡಿಗೆ ಇಂಟೆಲ್ ಕೂರುವುದಿಲ್ಲ. ಎಎಂ5ರ ಹೊಸ ರೈಜನ್‌ಗಳಿಗೆ ಸಾಕೆಟ್ಟೂ ಬೇರೆ, ಡಿಡಿಆರ್5 ರ‍್ಯಾಮೂ ಬೇಕು. ಉಳಿದದ್ದು ರೈಜನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಜಿ ಇರುವುದರಿಂದ ಗ್ರಾಫಿಕ್ಸ್ ಒಳಗೇ ಉಂಟು. ಇದೂ ಎಂಟು ಕೋರಿನ ಚಿಪ್ಪಿನಲ್ಲಿ ಎರಡು ಬಂದ್ ಮಾಡಿದ್ದು ಎಂಬುದನ್ನು ನಾನೂ ಮಾಣಿಯೂ ಅಪ್ಪನಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಬೋರ್ಡು ಬಂದ ಮೇಲೆ ಜೋಡಿಸುವ ಕೆಲಸ. ಸ್ಥಾಯಿ ವಿದ್ಯುತ್ ತಗಲದ ಹಾಗೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಿ ಎಂದು ವಿಡಿಯೋದವರು ಹೇಳುತ್ತಾರೆ. ಅದು ಒಣಹವೆಯ ಊರಿನವರ ಚಿಂತೆ. ತುಲಾ ಮಳೆಯಲ್ಲಿ ಕರಿದ ಹಪ್ಪಳ ಬಾಯಿಗೆ ಹೋಗುವ ಮೊದಲೇ ಮೆತ್ತಗಾಗುವ ನಮ್ಮ ಮನೆಯಲ್ಲಿ ಕಿಡಿ ಹಾರುವ ಅವಕಾಶ ಕಡಿಮೆ. ಮಾಣಿ ಒದ್ದೆ ಅಂಗಿಯಲ್ಲೇ ಎಲ್ಲ ಜೋಡಿಸಿದ. ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ದೀಪ ಬಂತು, ಸ್ಕ್ರೀನ್ ಮಾತ್ರ ಕಪ್ಪು.

"ಪಟೋರ" ಎಂದರು ಅಪ್ಪ ಆರಾಮ ಕುರ್ಚಿಯಿಂದ.

ಪ್ರಾಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಸರಿಯಾಗಿ ಹರಡಿಲ್ಲ ಎಂದು ಮಾಣಿಗೆ ಸಂಶಯ. ಕೂಲರನ್ನು ಸ್ವಲ್ಪ ಆಚೆ ಈಚೆ ತಿರುಗಿಸಿ ಸಡಿಲ ಮಾಡಿ ತೆಗೆಯಬೇಕು. ಅವನು ನೇರ ಮೇಲಕ್ಕೆ ಎಳೆದ. ಎಎಂ4ರಲ್ಲಿ ಲಿವರ್ ಬಿಗಿ ಇದ್ದರೂ ಹಾಗೆ ಎಳೆದರೆ ಪ್ರಾಸೆಸರ್ ಪೇಸ್ಟಿಗೆ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬರುವುದುಂಟು. ಬಂತು. ಅದರ ಹೊಟ್ಟೆಯಲ್ಲಿ 1331 ಪಿನ್ನುಗಳು, ಒಂದು ಮೂಲೆಯಲ್ಲಿ ಕೆಲವು ಪಿನ್ನುಗಳು ಮಲಗಿದ್ದವು. ಮಾಣಿಯ ಮುಖ ನೋಡುವ ಹಾಗಿರಲಿಲ್ಲ.

ಅಪ್ಪ ಎದ್ದು ಬಂದರು. ಮೊಮ್ಮಗಳ ಜಾಮಿಟ್ರಿ ಬಾಕ್ಸಿನಿಂದ ಕಡ್ಡಿ ಹಾಕುವ ಪೆನ್ಸಿಲ್ ತರಿಸಿ, ಕಡ್ಡಿ ತೆಗೆದು, ಅದರ ಟೊಳ್ಳು ತುದಿಗೆ ಒಂದೊಂದೇ ಪಿನ್ನನ್ನು ಸಿಕ್ಕಿಸಿ ನಿಲ್ಲಿಸಿದರು. ಉಪಾಯ ಮಾಣಿಯದ್ದೇ, ವಿಡಿಯೋದಲ್ಲಿ ನೋಡಿದ್ದು. ಆದರೆ ಅವನ ಕೈ ನಡುಗುತ್ತಿತ್ತು. ಅಪ್ಪನ ಕೈ ನಡುಗಲಿಲ್ಲ. ನಡುವೆ ಒಮ್ಮೆ ಎಲೆಯಡಿಕೆ ಹಾಕಿಕೊಳ್ಳಲು ನಿಲ್ಲಿಸಿದರು, ಅಷ್ಟೇ.

ಪ್ರಾಸೆಸರ್ ಮತ್ತೆ ಕೂತಿತು. ಸ್ಕ್ರೀನ್ ಮತ್ತೆ ಕಪ್ಪು. ಕೊನೆಗೆ ಅಂಗಡಿ ಹುಡುಗನಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ಬಿ450 ಬೋರ್ಡು ಬಂದದ್ದು 2018ರಲ್ಲಿ, 5600ಜಿ 2021ರಲ್ಲಿ. ಬೋರ್ಡಿನ ಬಯಾಸ್, ಅಂದರೆ ಸ್ವಿಚ್ ಹಾಕಿದ ಕೂಡಲೇ ಅದನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ, ಹೊಸದು ಮಾಡದಿದ್ದರೆ ತಾನು ಹುಟ್ಟಿದ ಮೇಲೆ ಬಂದವರ ಗುರುತೇ ಅದಕ್ಕೆ ಸಿಗುವುದಿಲ್ಲ. ಭಾವ ಹೇಳಿದ್ದು ಸುಳ್ಳಲ್ಲ, ಕೂರುವುದೇನೋ ಕೂತಿತ್ತು.

ಆ ಬೋರ್ಡಿನ ಬಯಾಸ್ ಬದಲಾಯಿಸಲಿಕ್ಕೆ ಅದಕ್ಕೆ ಗುರುತಿರುವ ಹಳೆ ರೈಜನ್ ಒಂದು ಬೇಕು. ಅಂಗಡಿಯಲ್ಲಿತ್ತು. ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಚೆರ್ಕಳದ ಮೇಲೆ ಬಸ್ಸಲ್ಲಿ ಹೋದೆವು. ಹುಡುಗ ಪೆನ್‌ಡ್ರೈವ್ ಸಿಕ್ಕಿಸಿ ಕೆಲಸ ಶುರು ಮಾಡಿದ. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತು ಹೋಗಬಹುದು ಎಂದು ಹೇಳಿಯೂ ಹೇಳಿದ. ಹೇಳಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಕತ್ತಲಲ್ಲಿ ಸ್ಕ್ರೀನ್ ಒಂದೇ ಬೆಳಗುತ್ತಿತ್ತು, ಶೇಕಡಾ 61, 62. ಅಪ್ಪ ಮಧೂರು ಗಣಪತಿಗೆ ಅಪ್ಪಕಜ್ಜಾಯದ ಹರಕೆ ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತು. ನೂರು ಆಯಿತು.

ಈಗ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ. ಬ್ರಹ್ಮಕಲಶದ ಆಮಂತ್ರಣ ಮುಗಿಯಿತು. ಮೊದಲ ಸಂಜೆ ಮಾಣಿ ಅಭಿಮಾನದಿಂದ ಟಾಸ್ಕ್ ಮ್ಯಾನೇಜರ್ ತೆರೆದು ಅಜ್ಜನಿಗೆ ತೋರಿಸಿದ. ಪ್ರಾಸೆಸರ್ ಬಳಕೆ: ಶೇಕಡಾ 3.

"ಇಷ್ಟೆಲ್ಲ ಮಾಡಿ ತಂದದ್ದು ಶೇಕಡಾ 3 ಕೆಲಸ ಮಾಡ್ತದಾ? ಉಳಿದ 97 ಎಂತ ಮಾಡ್ತದೆ?"

"ಸುಮ್ನೆ ಕೂರ್ತದೆ ಅಜ್ಜ. ಕೆಲಸ ಕೊಟ್ಟರೆ ಮಾಡ್ತದೆ."

"ಹಾಗಾದರೆ ಕೊಡು."

ಮಾಣಿ ಎಲ್ಲ ಕೋರುಗಳನ್ನೂ ದುಡಿಸುವ ಒಂದು ಪರೀಕ್ಷೆ ಹಾಕಿದ. ಅಂಕಿ ನೂರಕ್ಕೆ ಏರಿತು, ಫ್ಯಾನ್ ಬೊಬ್ಬೆ ಹಾಕಿತು. ಅಪ್ಪ ತೃಪ್ತಿಯಿಂದ ತಲೆ ಆಡಿಸಿದರು. ಒಳಗಿನಿಂದ ಅಮ್ಮ ಬಂದು, "ಮಿಕ್ಸಿ ಎಲ್ಲಿ ತಿರುಗ್ತಾ ಉಂಟು? ನಾನಿನ್ನೂ ತೆಂಗಿನಕಾಯಿ ತುರಿಯಲೇ ಇಲ್ಲ" ಎಂದರು.