ಬಾಯಿ ತೆರೆದ ಫೆಬ್ರುವರಿ

ನಲವತ್ತಾರನೆಯ ವಯಸ್ಸಿನಲ್ಲಿ ನಾನು ರೂಪದರ್ಶಿಯಾದೆ. ಈ ಮಾತು ಬಂದರೆ ನಮ್ಮ ಶಾಲೆಯ ಸಹೋದ್ಯೋಗಿಗಳು ಮೊದಲು ಚಹಾದ ಕಪ್ಪನ್ನು ಕೆಳಗಿಡುತ್ತಾರೆ, ಆಮೇಲೆ ನಗುತ್ತಾರೆ. ಅನುಭವಸ್ಥರು.

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಗಣಿತ ಕಲಿಸಿಕೊಂಡು ತೆಪ್ಪಗಿದ್ದ ನನ್ನನ್ನು ಈ ಹಾದಿಗೆ ಎಳೆದವಳು ನಮ್ಮ ಭಾವನವರ ಮಗಳು. ಫ್ಯಾಷನ್ ಡಿಸೈನ್ ಓದುವ ಹುಡುಗಿ. ಜವಳಿ ಸಾಲಿನ ಅಂಗಡಿಯವರೊಬ್ಬರು ಹೊಸ ವರ್ಷಕ್ಕೆ ಇಳಕಲ್ ಸೀರೆಯ ಕ್ಯಾಲೆಂಡರ್ ಮಾಡಿಸಲು ಹೊರಟು, ಕೆಲಸವನ್ನು ಇವಳಿಗೂ ಇವಳ ಗೆಳತಿಯರಿಗೂ ಒಪ್ಪಿಸಿದ್ದರು. ಹನ್ನೆರಡು ತಿಂಗಳಿಗೆ ಹನ್ನೆರಡು ಹುಡುಗಿಯರು ಗೊತ್ತಾಗಿದ್ದರು. ಕೊನೆಯ ಗಳಿಗೆಯಲ್ಲಿ ಒಬ್ಬಳು ಪರೀಕ್ಷೆಯ ನೆಪ ಹೇಳಿ ಕೈಕೊಟ್ಟಳು.

"ಕಾಕು, ನೀವು ನಿಂತುಬಿಡಿ. ಪಿನ್‌-ಅಪ್ ಶೈಲಿಯಲ್ಲಿ ತೆಗೆಯುತ್ತೇವೆ" ಎಂದಳು.

ನನಗೆ ಗೊತ್ತಿದ್ದ ಪಿನ್ನು ನೆರಿಗೆಗೆ ಚುಚ್ಚುವುದು ಮಾತ್ರ. ಅವಳು ಲ್ಯಾಪ್‌ಟಾಪ್ ತೆರೆದು ನನಗೇ ಪಾಠ ಮಾಡಿದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಚೆಲುವೆಯರ ಚಿತ್ರಗಳನ್ನು ಗೋಡೆಗೆ ಪಿನ್ನು ಚುಚ್ಚಿ ಹಚ್ಚಿಕೊಳ್ಳುತ್ತಿದ್ದರಂತೆ. 1943ರಲ್ಲಿ ಬೆಟ್ಟಿ ಗ್ರೇಬಲ್ ಎಂಬ ನಟಿ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು, ಹೆಗಲ ಮೇಲಿಂದ ಹಿಂದಿರುಗಿ ನೋಡಿ ನಕ್ಕ ಚಿತ್ರ ಬಹಳ ಹೆಸರಾದದ್ದು. ಗಿಲ್ ಎಲ್ವ್‌ಗ್ರೆನ್ ಎಂಬ ಕಲಾವಿದ ಕ್ಯಾಲೆಂಡರುಗಳಿಗೆಂದು ಬಿಡಿಸಿದ ಚಿತ್ರಗಳನ್ನು ನೋಡಿದಾಗ ಮಾತ್ರ ನನಗೆ ಆಸಕ್ತಿ ಹುಟ್ಟಿತು. ಅವನ ಹೆಂಗಸರಿಗೆ ಯಾವಾಗಲೂ ಏನಾದರೊಂದು ಎಡವಟ್ಟು. ಒಬ್ಬಳ ಲಂಗ ಬೇಲಿಗೆ ಸಿಕ್ಕಿದೆ, ಇನ್ನೊಬ್ಬಳ ಕಾಲಿಗೆ ನಾಯಿಯ ಹಗ್ಗ ಸುತ್ತಿದೆ, ಬಾಯಿ 'ಓ' ಎಂದು ದುಂಡಗೆ ತೆರೆದಿದೆ. ನನಗೆ ವಾರಕ್ಕೆ ನಾಲ್ಕು ಸಲ ಆಗುವುದೂ ಇದೇ. ಯಾರೂ ಚಿತ್ರ ಬಿಡಿಸಿಕೊಳ್ಳಲು ಬಂದಿರಲಿಲ್ಲ, ಅಷ್ಟೇ.

"ಉಡುಪು?" ಎಂದು ಅನುಮಾನದಿಂದ ಕೇಳಿದೆ. ಇಳಕಲ್ ಸೀರೆ, ಮೊಣಕೈವರೆಗಿನ ಕುಪ್ಪಸ ಎಂದಳು. ಒಪ್ಪಿಕೊಂಡೆ.

ಮೊದಲ ಅನಾಹುತ ಹಣೆಯದು. ಬೆಟ್ಟಿ ಪೇಜ್ ಎಂಬ ಇನ್ನೊಬ್ಬ ಬೆಟ್ಟಿಯ ಕಥೆಯನ್ನು ನಮ್ಮ ಹುಡುಗಿ ಹೇಳಿದಳು. ಆಕೆ ಶಿಕ್ಷಕಿಯಾಗಲೆಂದು ಪದವಿ ಪಡೆದವಳು, ಸ್ವಲ್ಪ ಕಾಲ ಪಾಠವನ್ನೂ ಮಾಡಿದವಳು ಎಂದು ತಿಳಿದು ನನಗೆ ಬಳಗದವಳು ಸಿಕ್ಕಂತಾಯಿತು. 1950ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲ ದಂಡೆಯಲ್ಲಿ ಫೋಟೋದ ಹುಚ್ಚಿದ್ದ ಪೊಲೀಸನೊಬ್ಬ ಆಕೆಯನ್ನು ನೋಡಿ, ನಿನ್ನ ಹಣೆ ಎತ್ತರ, ಮುಂಗೂದಲು ಬಿಡು ಎಂದು ಸಲಹೆ ಕೊಟ್ಟನಂತೆ. ಆ ಮುಂಗೂದಲೇ ಆಮೇಲೆ ಆಕೆಯ ಗುರುತಾಯಿತು.

"ನಿಮ್ಮ ಹಣೆಯೂ ಎತ್ತರ, ಕಾಕು."

ಅಡುಗೆಮನೆಯ ಕತ್ತರಿ ಬಂತು. ಕೂದಲನ್ನು ಒದ್ದೆ ಮಾಡಿ ಬಾಚಿ, ಹುಬ್ಬಿಗೆ ಸರಿಯಾಗಿ ನೇರವಾಗಿ ಕತ್ತರಿಸಿದಳು. ಒದ್ದೆ ಕೂದಲು ಒಣಗಿದರೆ ಮೇಲೇರುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅರ್ಧ ಗಂಟೆಯಲ್ಲಿ ಅದು ಎರಡು ಬೆರಳು ಮೇಲಕ್ಕೆ ಹೋಗಿ, ಬಟ್ಟೆ ತಿಕ್ಕುವ ಬ್ರಷ್ಷಿನಂತೆ ಸೆಟೆದು ನಿಂತಿತು. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ತಿರುಪತಿಗೆ ಹರಕೆ ಇದ್ದರೆ ಪೂರ್ತಿ ಕೊಡಬೇಕು. ಹೀಗೆ ಕಂತಿನಲ್ಲಿ ಕೊಡಬಾರದು" ಎಂದರು.

ಬೆಟ್ಟಿ ಗ್ರೇಬಲಳ ಭಂಗಿಯನ್ನು ಕಪಾಟಿನ ಕನ್ನಡಿಯ ಮುಂದೆ ಮೂರು ರಾತ್ರಿ ಅಭ್ಯಾಸ ಮಾಡಿದೆ. ಮೈಯ ಭಾರ ಒಂದೇ ಕಾಲಿನ ಮೇಲೆ, ಇನ್ನೊಂದು ಮೊಣಕಾಲು ತುಸು ಮಡಿಚಿ, ಸೊಂಟ ಅತ್ತ, ಮುಖ ಇತ್ತ. ಮೂರನೆಯ ರಾತ್ರಿ ಮುಖ ಇತ್ತಲೇ ಉಳಿಯಿತು. ಮರುದಿನ ಕಪ್ಪು ಹಲಗೆಗೆ ಪೈಥಾಗೊರಸನ ಪ್ರಮೇಯ ಬರೆದು ಮಕ್ಕಳತ್ತ ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ, ರೈಲಿನ ಎಂಜಿನ್ ತಿರುಗಿಸಿದ ಹಾಗೆ. ಕುತ್ತಿಗೆಗೆ ಅಮೃತಾಂಜನ, ಹಣೆಯ ಮೇಲೆ ಬ್ರಷ್ಷು. ಹೆಡ್‌ಮಾಸ್ತರರು ಕರೆದು, "ಬಿದ್ದಿರಾ?" ಎಂದು ಮೆಲುದನಿಯಲ್ಲಿ ಕೇಳಿದರು. ಹೌದೆಂದೆ. ಅದೇ ಸುಲಭವಾಗಿತ್ತು.

ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಉಣಕಲ್ ಕೆರೆಯ ದಂಡೆಗೆ ಹೋದೆವು. ಅಂಗಡಿಯವರು ಕೊಟ್ಟಿದ್ದು ಹಸಿರು ಒಡಲಿನ ಸೀರೆ, ಕೆಂಪು ಸೆರಗು, ಸೆರಗಿನ ಮೇಲೆ ಬಿಳಿಯ ತೆನೆ. ಹಾಗೆಯೇ ಮರಳಿ ಕೊಡಬೇಕೆಂದು ಎರಡೆರಡು ಸಲ ಹೇಳಿದ್ದರು. ಓಣಿಯ ಹಾಲಿನವನಿಂದ ಸೈಕಲ್ ತಂದಿದ್ದರು. ಸೆರಗು ಚೈನಿಗೆ ಸಿಕ್ಕಿದಂತೆ, ಅದನ್ನು ಕಂಡು ನಾನು ಬೆರಗಾದಂತೆ ಚಿತ್ರ ಬರಬೇಕು. ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ ಇರುವುದರಿಂದ ನನಗೆ ಮೊದಲೇ ಸಂಕೋಚ. ಸಾಲದ್ದಕ್ಕೆ ವಾಕಿಂಗಿಗೆ ಬಂದವರೆಲ್ಲ ನಮ್ಮ ಮುಂದೆ ಬಂದೊಡನೆ ವೇಗ ಕಡಿಮೆ ಮಾಡುತ್ತಿದ್ದರು.

"ಆಶ್ಚರ್ಯಪಡಿ, ಕಾಕು."

"ಯಾಕೆ?"

"ಸೆರಗು ಸಿಕ್ಕಿದೆ."

"ಸಿಕ್ಕಿಲ್ಲವಲ್ಲ."

"ಸಿಕ್ಕಿದೆ ಎಂದು ಭಾವಿಸಿ."

ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ 'ಎಕ್ಸ್ ಎಂದು ಭಾವಿಸೋಣ' ಎನ್ನುತ್ತ ಬಂದವಳಿಗೆ ಒಂದು ಸೆರಗನ್ನು ಭಾವಿಸಲಾಗಲಿಲ್ಲ. ನಲವತ್ತು ಫೋಟೋ ತೆಗೆದರು. ಕೆಲವದರಲ್ಲಿ ನಾನು ಆಕಳಿಸುತ್ತಿದ್ದೆ, ಕೆಲವದರಲ್ಲಿ ದಂತವೈದ್ಯರ ಕುರ್ಚಿಯಲ್ಲಿದ್ದೆ, ಒಂದರಲ್ಲಿ ಹಿಂದಿನ ಬೆಂಚಿನ ಹುಡುಗನನ್ನು ಗದರಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಶಾಲೆಯಿಂದಲೇ ನಿವೃತ್ತರಾದ ಹಿರಿಯ ಶಿಕ್ಷಕರೊಬ್ಬರು ನಡೆಯುತ್ತ ಬಂದು ನಿಂತರು. "ಸೈಕಲ್ ಕಲಿಯುತ್ತಿದ್ದೀರಾ, ಟೀಚರ್? ಒಳ್ಳೆಯದು, ಒಳ್ಳೆಯದು" ಎಂದರು. ಅವರಿಗೆ ದಾರಿ ಬಿಡಲೆಂದು ಸೈಕಲನ್ನು ಹಿಂದಕ್ಕೆ ತಳ್ಳಿದೆ.

ಕಿರ್ ಎಂದಿತು. ತೆನೆಯ ಭಾಗ ಪೂರ್ತಿಯಾಗಿ ಚೈನಿನೊಳಗೆ ಹೋಗಿತ್ತು. ಅಂಗಡಿಯ ಸೀರೆ! ನನ್ನ ಬಾಯಿ ತಾನಾಗಿಯೇ ತೆರೆಯಿತು, ಕಂಪಾಸಿನಲ್ಲಿ ಎಳೆದ ವೃತ್ತದಷ್ಟು ದುಂಡಗೆ. ಆ ಹುಡುಗಿಗೆ ಸೆರಗು ಬಿಡಿಸಬೇಕೆನ್ನಿಸಬೇಕೋ ಬೇಡವೋ? ಕ್ಲಿಕ್ ಎನ್ನಿಸಿದಳು. "ಇದೇ, ಕಾಕು, ಇದೇ!"

ಗ್ರೀಸಿನ ಕಲೆಗೆ ಮುಖದ ಪೌಡರ್ ಉದುರಿಸಿದೆವು, ಪಾತ್ರೆಯ ಸೋಪು ಹಚ್ಚಿದೆವು. ಬಿಳಿಯ ತೆನೆ ಬೂದು ಬಣ್ಣಕ್ಕೆ ತಿರುಗಿ ಅಲ್ಲಿಯೇ ನಿಂತಿತು. ಸೀರೆಯನ್ನು ನಾನೇ ಕೊಂಡುಕೊಂಡೆ. ಸಂಭಾವನೆಯೆಂದು ಅಂಗಡಿಯವರು ಗುಳೇದಗುಡ್ಡದ ಒಂದು ಖಣ ಕೊಟ್ಟರು. 1949ರಲ್ಲಿ ಮರ್ಲಿನ್ ಮನ್ರೋಗೆ ಕ್ಯಾಲೆಂಡರಿನ ಚಿತ್ರಕ್ಕೆ ಸಿಕ್ಕಿದ್ದು ಬರೀ ಐವತ್ತು ಡಾಲರ್ ಎಂದು ನಮ್ಮ ಹುಡುಗಿ ಸಮಾಧಾನ ಹೇಳಿದಳು. ಇರಬಹುದು. ಆದರೆ ಆ ಚಿತ್ರದಲ್ಲಿ ಆಕೆಯ ಮೈಮೇಲೆ ಬಟ್ಟೆಯೇ ಇರಲಿಲ್ಲ, ಹಾಗಾಗಿ ಸೀರೆಯ ದುಡ್ಡು ಕಟ್ಟುವ ಪ್ರಮೇಯವೂ ಬರಲಿಲ್ಲ.

ಕ್ಯಾಲೆಂಡರ್ ಬಂತು. ಅಂಗಡಿಯವರ ಸೊಸೆಗೆ ದೀಪಾವಳಿಯ ತಿಂಗಳು. ನನಗೆ ಫೆಬ್ರುವರಿ, ಬರೀ ಇಪ್ಪತ್ತೆಂಟು ದಿನ. ಆ ವರ್ಷ ಶಿವರಾತ್ರಿಯೂ ಅದೇ ಹಾಳೆಯಲ್ಲಿ. ಸಿದ್ಧಾರೂಢ ಮಠದ ಜಾತ್ರೆಗೆ ಎಂದು ಹೋಗಬೇಕು, ಉಪವಾಸ ಯಾವಾಗ ಎಂದು ತಾರೀಖು ನೋಡಲು ಹೋದವರಿಗೆಲ್ಲ ಮೇಲೆ ಬಾಯಿ ತೆರೆದು ನಿಂತ ಹೆಂಗಸಿನ ದರ್ಶನ. ನಮ್ಮ ಮನೆಯಲ್ಲಿಯೇ ಅತ್ತೆಯವರು ನನ್ನ ಹೊಟ್ಟೆಯ ಮೇಲೆ ಹಾಲಿನ ಲೆಕ್ಕ, ತೋಳಿನ ಮೇಲೆ ಸಿಲಿಂಡರ್ ಬಂದ ದಿನ ಬರೆದರು. ಓಣಿಯ ಗಿರಣಿಯಲ್ಲಿ ಜೋಳದ ಹಿಟ್ಟು ಹಾರಿ ಹಾರಿ ಕೂತು, ಯಾವ ಬ್ಯೂಟಿ ಪಾರ್ಲರಿನವರೂ ಮಾಡಲಾರದಷ್ಟು ಬೆಳ್ಳಗಾಗಿದ್ದೆ. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ನೆರೆಮನೆಯಾಕೆ ಚಿತ್ರವನ್ನೂ ನನ್ನನ್ನೂ ಎರಡು ಸಲ ನೋಡಿ, "ಥೇಟ್ ನಿಮ್ಮ ಹಾಗೆಯೇ ಇದ್ದಾಳಲ್ಲ! ಆದರೆ ನೀವು ಇಷ್ಟು ದಪ್ಪ ಇಲ್ಲ ಬಿಡಿ" ಎಂದಳು. ನಾನು ವಾದಿಸಲಿಲ್ಲ.

ಮಾರ್ಚ್ ಬಂತು, ನನ್ನ ಹಾಳೆ ಹೋಯಿತು, ಮುಂಗೂದಲೂ ಬೆಳೆಯಿತು. ಎಲ್ಲರೂ ಮರೆತರು ಎಂದುಕೊಂಡೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಏಳನೆಯ ತರಗತಿಯ ಹೋಂವರ್ಕ್ ನೋಡುತ್ತ ಕೂತಿದ್ದೆ. ಕಟ್ಟಿನ ಮಧ್ಯದಿಂದ ಎಳೆದ ನೋಟ್‌ಬುಕ್ಕಿಗೆ ಕ್ಯಾಲೆಂಡರಿನ ಹಾಳೆಯ ಬೈಂಡ್. ಹಸಿರು ಒಡಲು, ಕೆಂಪು ಸೆರಗು. ಬಾಯಿಯ ಮೇಲೆ ಸರಿಯಾಗಿ ಲೇಬಲ್ ಅಂಟಿಸಿ, 'ವಿಷಯ: ಗಣಿತ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು.

ಹುಡುಗನನ್ನು ಕರೆದೆ. "ಬೈಂಡ್ ಹಾಕಲು ಬೇರೆ ಹಾಳೆ ಇರಲಿಲ್ಲವೇ?"

"ಇನ್ನೂ ನಾಲ್ಕು ಇದ್ದವು ಟೀಚರ್. ಅವುಗಳಲ್ಲಿ ಚಿತ್ರ ಚೆಂದ ಇದ್ದವು, ಅಕ್ಕ ಗೋಡೆಗೆ ಹಚ್ಚಿಕೊಂಡಳು."

ಕೆಂಪು ಪೆನ್ನು ತೆಗೆದು ಮೊದಲನೆಯ ಲೆಕ್ಕ ನೋಡಿದೆ. ತಪ್ಪಾಗಿತ್ತು.