ಹೋಮ್ ಆಫೀಸಿನ ಪಂಚಾಂಗ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಅಂದಾಜಿನ ಲೆಕ್ಕ ಹೇಳಿ ಕೈತೊಳೆದುಕೊಂಡರು. ವೀಸಾ ಕೊಡುವ ಬ್ರಿಟನ್ನಿನ ಗೃಹ ಇಲಾಖೆ, ಅಂದರೆ ಹೋಮ್ ಆಫೀಸಿಗೆ, ಅಂದಾಜು ಆಗಿಬರುವುದಿಲ್ಲ. ಅದರ ಪ್ರಕಾರ ಹೊರದೇಶದಿಂದ ಬಂದ ಸಂಗಾತಿಯ ದಾಂಪತ್ಯ ಮೊದಲು ವೀಸಾದ 33 ತಿಂಗಳು, ಆಮೇಲೆ ವಿಸ್ತರಣೆಯ 30 ತಿಂಗಳು. ಎರಡೂ ಕೂಡಿದರೆ 63. ಆದರೆ ಇವರಿಬ್ಬರೂ ನಿಜಕ್ಕೂ ಗಂಡ ಹೆಂಡತಿಯೇ ಹೌದು ಎಂದು ಸರ್ಕಾರಕ್ಕೆ ಮನವರಿಕೆಯಾಗಲು 60 ತಿಂಗಳು ಸಾಕು. ಮಿಕ್ಕ 3 ತಿಂಗಳು ಎಲ್ಲಿ ಹೋಯಿತು ಎಂದು ಬೆರಳು ಮಡಿಸಿ ಎಣಿಸಿದವರಿಗೆ ನೆಲೆಸುವ ಯೋಗ. ಎಣಿಸದವರಿಗೆ ಇನ್ನೊಮ್ಮೆ ಫೀಸು ಕಟ್ಟುವ ಯೋಗ.

ಹಿಂದೆ ಈ ಪರೀಕ್ಷೆ 2 ವರ್ಷದ್ದಿತ್ತು. 2012ರ ಜುಲೈ 9ರಂದು ಅಪೆಂಡಿಕ್ಸ್ ಎಫ್‌ಎಂ ಎಂಬ ಕುಟುಂಬ ವೀಸಾ ನಿಯಮಗಳ ಹೊಸ ಧರ್ಮಶಾಸ್ತ್ರ ಜಾರಿಗೆ ಬಂದು 5 ವರ್ಷವಾಯಿತು. 2 ವರ್ಷದಲ್ಲಿ ಬಯಲಾಗದ ಯಾವ ಗುಟ್ಟು 5 ವರ್ಷದಲ್ಲಿ ಬಯಲಾಗುತ್ತದೆ ಎಂಬುದು ಮದುವೆಯಾದವರಿಗೆಲ್ಲ ಗೊತ್ತಿರುವುದರಿಂದ ಇಲ್ಲಿ ಬೇಡ.

ಲೆಕ್ಕಕ್ಕೆ ಒಂದು ಜಾತಕ ಹಿಡಿಯೋಣ. ಮದುಮಗಳ ವೀಸಾ 2024ರ ಜನವರಿ 10ಕ್ಕೆ ಶುರು, 2026ರ ಅಕ್ಟೋಬರ್ 10ಕ್ಕೆ ಮುಕ್ತಾಯ. ಅತ್ತೆ ಮನೆ, ತವರುಮನೆ, ಸೂಟ್‌ಕೇಸಿನ ತೂಕ ಎಲ್ಲ ಮುಗಿಸಿ ಆಕೆ ಬ್ರಿಟನ್ನಿಗೆ ಕಾಲಿಟ್ಟದ್ದು ಮಾರ್ಚ್ 10ಕ್ಕೆ. 60 ತಿಂಗಳ ಎಣಿಕೆ ಶುರುವಾಗುವುದು ವೀಸಾದ ಮೊದಲ ದಿನದಿಂದ ಅಲ್ಲ, ಕಾಲಿಟ್ಟ ದಿನದಿಂದ. ಅಂದರೆ ಅದು ತುಂಬುವುದು 2029ರ ಮಾರ್ಚ್ 10ಕ್ಕೆ. ಜನವರಿ, ಫೆಬ್ರವರಿ ಎರಡು ತಿಂಗಳು ವೀಸಾ ಓಡಿದೆ, ದಾಂಪತ್ಯ ಓಡಿಲ್ಲ. 33ರಲ್ಲಿ 3 ಹೆಚ್ಚುವರಿ ಇಟ್ಟಿರುವುದು ಇಂಥ ಸೋರಿಕೆಗೇ. ಬೋರ್ಡಿಂಗ್ ಪಾಸನ್ನು ಮದುವೆಯ ಆಲ್ಬಮ್ಮಿನ ಮೊದಲ ಪುಟದಲ್ಲೇ ಅಂಟಿಸಿಡಬೇಕು. ಮುಂದೆ ಲೆಕ್ಕ ಹಾಕುವಾಗ ತಾಳಿ ಕಟ್ಟಿದ ಫೋಟೋಗಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನು ಮುಹೂರ್ತ. ನಮ್ಮ ಪಂಚಾಂಗದಲ್ಲಿ ನಕ್ಷತ್ರ 27, ಅಭಿಜಿತ್ ಸೇರಿಸಿದರೆ 28. ಹೋಮ್ ಆಫೀಸಿನವರು ಅಭಿಜಿತ್ ಸೇರಿಸುವ ಸಂಪ್ರದಾಯದವರು. ಎಲ್ಲಿ ನೋಡಿದರೂ 28. ವಿಸ್ತರಣೆಯ ತೀರ್ಪು ಬಂದ ದಿನ ಹಳೇ ವೀಸಾದಲ್ಲಿ ಎಷ್ಟು ದಿನ ಮಿಕ್ಕಿದೆಯೋ ಅದನ್ನು ಹೊಸ 30 ತಿಂಗಳಿಗೆ ಕೂಡಿಸುತ್ತಾರೆ, ಹೆಚ್ಚೆಂದರೆ 28 ದಿನ. ಕೊನೆಗೆ ಶಾಶ್ವತ ನೆಲೆಗೆ ಅರ್ಜಿ ಹಾಕುವುದಕ್ಕೂ 60 ತಿಂಗಳು ತುಂಬಲು 28 ದಿನ ಇರುವಾಗಲೇ ಬಾಗಿಲು ತೆರೆಯುವುದು. ಸಂಬಳದ, ಬ್ಯಾಂಕಿನ ಕಾಗದಗಳು 28 ದಿನಕ್ಕಿಂತ ಹಳಸಿರಬಾರದು. ವೀಸಾ ಮುಗಿದ ಮೇಲೆ ಅರ್ಜಿ ಹಾಕಿದವರ ಕ್ಷಮೆಗೂ ಹಿಂದೆ 28 ದಿನವೇ ಇತ್ತು. 2016ರ ನವೆಂಬರಿನಲ್ಲಿ ಅದನ್ನು 14ಕ್ಕೆ ಇಳಿಸಿದರು. ಆ 14 ದಿನವೂ ಕೈಮೀರಿದ ಕಾರಣ ಇದ್ದು, ಅದಕ್ಕೆ ಪುರಾವೆ ಇದ್ದವರಿಗೆ ಮಾತ್ರ. ಮರೆತೆ ಎನ್ನುವುದು ಕೈಮೀರಿದ ಕಾರಣವಲ್ಲ.

ಆದ್ದರಿಂದ ನಮ್ಮ ಮದುಮಗಳಿಗೆ ವಿಸ್ತರಣೆಯ ಅರ್ಜಿಗೆ ಶುಭಕಾಲ 2026ರ ಸೆಪ್ಟೆಂಬರ್ 12ರಿಂದ ಅಕ್ಟೋಬರ್ 10ರೊಳಗೆ. ತೀರ್ಪು ಅಕ್ಟೋಬರ್ 10ಕ್ಕೇ ಬಂತು ಅಂದುಕೊಂಡರೂ ಹೊಸ ವೀಸಾ 2029ರ ಏಪ್ರಿಲ್ 10ರ ತನಕ. ನೆಲೆಯ ಬಾಗಿಲು ಫೆಬ್ರವರಿ 10ಕ್ಕೆ ತೆರೆಯುತ್ತದೆ. ಎರಡು ತಿಂಗಳ ಅವಕಾಶ, ನೆಮ್ಮದಿಯಾಗಿ ದಾಟಬಹುದು.

ಆದರೆ ನಮ್ಮವರು ನೆಮ್ಮದಿಯ ಜನವಲ್ಲ. ರೈಲಿಗೆ ಎರಡು ಗಂಟೆ ಮುಂಚೆ ಹೋಗಿ ಕೂರುವ ವಂಶ. ಕೊನೆ ಗಳಿಗೆ ತನಕ ಯಾಕೆ ಕಾಯಬೇಕು ಎಂದು 2026ರ ಫೆಬ್ರವರಿಯಲ್ಲೇ ವಿಸ್ತರಣೆಯ ಅರ್ಜಿ ತುಂಬುತ್ತಾರೆ. ಬೇಡ ಎನ್ನುವವರಿಲ್ಲ, ಫೀಸು ಯಾವತ್ತು ಕಟ್ಟಿದರೂ ಸ್ವಾಗತ. 2026ರ ಮಾರ್ಚ್ 2ಕ್ಕೆ ತೀರ್ಪು ಬಂತು ಅನ್ನಿ. ಮನೆಯಲ್ಲಿ ಪಾಯಸ. ಹಳೇ ವೀಸಾದಲ್ಲಿ ಇನ್ನೂ 7 ತಿಂಗಳು ಬಾಕಿ ಇತ್ತಲ್ಲ, ಅದರಲ್ಲಿ 28 ದಿನ ಮಾತ್ರ ಜೊತೆಗೆ ಬಂದು ಉಳಿದದ್ದು ಪಾಯಸದ ಜೊತೆಗೇ ಕರಗಿತು. ಹೊಸ ವೀಸಾ ಮುಗಿಯುವುದು 2028ರ ಸೆಪ್ಟೆಂಬರ್ 30ಕ್ಕೆ. ನೆಲೆಯ ಬಾಗಿಲು ತೆರೆಯುವುದು 2029ರ ಫೆಬ್ರವರಿ 10ಕ್ಕೆ. ನಡುವಿನ ನಾಲ್ಕು ತಿಂಗಳ ಹಳ್ಳ ದಾಟಲು ಎರಡನೇ ವಿಸ್ತರಣೆ ಬೇಕು. ನಾಲ್ಕು ತಿಂಗಳದ್ದು ಸಿಗುವುದಿಲ್ಲ, 30 ತಿಂಗಳದ್ದೇ ಕೊಳ್ಳಬೇಕು: 2025ರ ಏಪ್ರಿಲ್ ದರದಲ್ಲಿ ಅರ್ಜಿಗೆ 1,321 ಪೌಂಡ್, ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035ರಂತೆ ಎರಡೂವರೆ ವರ್ಷಕ್ಕೆ 2,587.50, ಒಟ್ಟು 3,908.50 ಪೌಂಡ್. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ಇಷ್ಟು ಕರಾರುವಾಕ್ಕಾದ ಬೆಲೆಪಟ್ಟಿ ಬೇರೆಲ್ಲೂ ಸಿಗಲಾರದು.

ಆತುರವನ್ನೂ ಅವರೇ ಮಾರುತ್ತಾರೆ ಎಂಬುದು ಇನ್ನೂ ಸ್ವಾರಸ್ಯ. ಸೂಪರ್ ಪ್ರಯಾರಿಟಿ ಎಂಬ ಸೇವೆಗೆ 2025ರ ದರದಲ್ಲಿ 1,000 ಪೌಂಡ್ ಹೆಚ್ಚಿಗೆ ಕೊಟ್ಟರೆ ಬೆರಳಚ್ಚು ಕೊಟ್ಟ ಮರು ಕೆಲಸದ ದಿನವೇ ತೀರ್ಪು. ಹೊಸ ವೀಸಾ ತೀರ್ಪಿನ ದಿನದಿಂದ ಓಡತೊಡಗುವುದರಿಂದ, ಬೇಗ ಬಂದಷ್ಟೂ ಅದು ಬೇಗ ಮುಗಿಯುತ್ತದೆ. ಸಾವಿರ ಪೌಂಡ್ ಕೊಟ್ಟು ತನ್ನ ಆಯಸ್ಸನ್ನೇ ಕಡಿಮೆ ಮಾಡಿಸಿಕೊಳ್ಳುವ ಹರಕೆ ಯಾವ ದೇವಸ್ಥಾನದಲ್ಲೂ ಇಲ್ಲ. ಅದೇ ಕಡತ ಮೇಜಿನ ಮೇಲೆ ಧೂಳು ತಿನ್ನುತ್ತ ಡಿಸೆಂಬರ್ 10ರ ತನಕ ಬಿದ್ದಿದ್ದರೆ, ವೀಸಾ 2029ರ ಜೂನ್ 10ರ ತನಕ ಸಿಕ್ಕುತ್ತಿತ್ತು. 5 ತಿಂಗಳು ತಡವಾಗಿ ದೇಶಕ್ಕೆ ಬಂದವರನ್ನೂ ದಡ ಮುಟ್ಟಿಸುವುದು ಗುಮಾಸ್ತರ ಈ ಸೋಮಾರಿತನವೇ. ಸರ್ಕಾರಿ ಕಚೇರಿ ನಿಧಾನವಾಗಲಿ ಎಂದು ತುಪ್ಪದ ದೀಪ ಹಚ್ಚುವ ಪ್ರಜೆಗಳನ್ನು ಹುಟ್ಟುಹಾಕಿದ ಕೀರ್ತಿ ಈ ಇಲಾಖೆಗೆ ಸಲ್ಲಬೇಕು.

ಮುಂಚೆ ಅರ್ಜಿ ಹಾಕಿದವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಬಿಆರ್‌ಪಿ ಎಂಬ, ವಾಸದ ಪರವಾನಗಿಯ ಗುಲಾಬಿ ಕಾರ್ಡು ನೆನಪಿದೆಯಲ್ಲ? ದೇಶಕ್ಕೆ ಬಂದ 10 ದಿನದಲ್ಲಿ ಅಂಚೆ ಕಚೇರಿಗೆ ಹೋಗಿ ತರಬೇಕಿದ್ದ ಆ ಕಾರ್ಡಿನ ಮೇಲೆ ಮುಕ್ತಾಯದ ದಿನ 2024ರ ಡಿಸೆಂಬರ್ 31 ಎಂದು ಅಚ್ಚಾಗಿತ್ತು. ವೀಸಾ 2026ರ ತನಕ ಇದ್ದವರಿಗೂ ಅದೇ ದಿನ. ಸತ್ತದ್ದು ಕಾರ್ಡು, ವೀಸಾ ಅಲ್ಲ; ನಿಜವಾದ ದಿನ ಜೊತೆಗೆ ಬಂದ ಪತ್ರದಲ್ಲಿತ್ತು. ಪತ್ರ ಬಿಸಾಕಿ ಕಾರ್ಡು ಜೋಪಾನ ಮಾಡಿದವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದು ಯಾವ ದಿನಕ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಈಗ ಕಾರ್ಡೇ ಇಲ್ಲ, ಎಲ್ಲ ಇ-ವೀಸಾ. ಆನ್‌ಲೈನ್ ಖಾತೆ ತೆರೆದು ಒಳಗೆ ಇರುವ ದಿನಾಂಕವನ್ನೇ ನಂಬಬೇಕು. ಪಾಸ್‌ಪೋರ್ಟ್ ಬದಲಾದರೆ ಅದೇ ಖಾತೆಯಲ್ಲಿ ಹೊಸ ಸಂಖ್ಯೆ ಸೇರಿಸಬೇಕು, ಇಲ್ಲದಿದ್ದರೆ ವಿಮಾನದ ಕೌಂಟರಿನಲ್ಲಿ ನೀವು ಯಾರೋ, ನಿಮ್ಮ ವೀಸಾ ಯಾರೋ.

ತಡ ಮಾಡುವುದಕ್ಕೂ ಒಂದು ಎಲ್ಲೆ ಇದೆ. ಹಳೇ ವೀಸಾ ಮುಗಿಯುವುದರೊಳಗೆ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಿ ಹಣ ಕಟ್ಟಿರಬೇಕು. ಲೆಕ್ಕಕ್ಕೆ ಬರುವುದು ಆ ದಿನ, ಬೆರಳಚ್ಚು ಕೊಟ್ಟ ದಿನವಲ್ಲ. ಹಾಗೆ ಮಾಡಿದರೆ 1971ರ ವಲಸೆ ಕಾಯ್ದೆಯ 3ಸಿ ಕಲಮು ತೀರ್ಪು ಬರುವ ತನಕ ಹಳೇ ವೀಸಾಕ್ಕೆ ಉಸಿರು ಕೊಡುತ್ತದೆ. ಕೆಲಸ ಮಾಡಬಹುದು, ಸಂಬಳ ತೆಗೆದುಕೊಳ್ಳಬಹುದು. ಆದರೆ ಕಂಪನಿಯ ಎಚ್‌ಆರ್‌ನವರ ಪಟ್ಟಿಯಲ್ಲಿರುವುದು ಹಳೇ ದಿನಾಂಕ. ಅವರು ಬೆವರುತ್ತಾರೆ. ಅವರಿಗೆ ಎಂಪ್ಲಾಯರ್ ಚೆಕಿಂಗ್ ಸರ್ವಿಸ್ ಎಂಬ ಕಿಟಕಿ ಇದೆ, ಅಲ್ಲಿ ವಿಚಾರಿಸಿದರೆ 6 ತಿಂಗಳಿಗೆ ಸಲ್ಲುವ ದೃಢೀಕರಣ ಬರುತ್ತದೆ. ಅವರಾಗಿ ಅದನ್ನು ಮಾಡುವುದಿಲ್ಲ, ದಿನ ಮುಗಿಯುವ ಮುಂಚೆ ನೀವೇ ಹೇಳಿ ಮಾಡಿಸಬೇಕು.

ಈ 3ಸಿ ಗರ್ಭಗುಡಿಯಿಂದ ಹೊರಗೆ ಕಾಲಿಡುವಂತಿಲ್ಲ ಎಂಬುದು ನಿಜವಾಗಿ ಕಣ್ಣೀರು ತರಿಸುವ ನಿಯಮ. ತೀರ್ಪು ಬರುವ ಮುಂಚೆ ದೇಶ ಬಿಟ್ಟರೆ ಅರ್ಜಿಯನ್ನು ನೀವೇ ಹಿಂತೆಗೆದುಕೊಂಡಂತೆ. ಐರ್ಲೆಂಡ್, ಐಲ್ ಆಫ್ ಮ್ಯಾನ್, ಚಾನೆಲ್ ದ್ವೀಪಗಳು ಸೇರಿದ ಕಾಮನ್ ಟ್ರಾವೆಲ್ ಏರಿಯಾದ ಒಳಗಿದ್ದರೆ ಸರಿ. ತಂದೆ ತಾಯಿ ಕಾಯಿಲೆ ಬೀಳುವುದಾದರೆ ಡಬ್ಲಿನ್ನಿನಲ್ಲೇ ಬೀಳಬೇಕು. ಮೇಲೆ ನಕ್ಕ ಸೂಪರ್ ಪ್ರಯಾರಿಟಿ ಅರ್ಥವಾಗುವುದು ಇಂಥ ಹೊತ್ತಿನಲ್ಲೊಂದೇ.

ಸಂಬಳದ ಚೀಟಿಗೂ ಗ್ರಹಗತಿ ಉಂಟು. ಒಂದೇ ಕಡೆ 6 ತಿಂಗಳಿಂದ ಕೆಲಸದಲ್ಲಿರುವವರು 6 ಪೇಸ್ಲಿಪ್, ಅದಕ್ಕೆ ತಾಳೆಯಾಗುವ 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ ಕೊಡಬೇಕು. ಪ್ರತಿ ತಿಂಗಳು 28ಕ್ಕೆ ಸಂಬಳ ಅನ್ನಿ. ಆಗಸ್ಟ್ 28ರ ಚೀಟಿ ಸೆಪ್ಟೆಂಬರ್ 25ರ ತನಕ ತಾಜಾ. ಮುಂದಿನ ಚೀಟಿ 28ಕ್ಕೆ. ನಡುವಿನ 26, 27 ಶುದ್ಧ ರಾಹುಕಾಲ. ಮನೆಯಲ್ಲಿ ಎಲ್ಲ ಕಾಗದ ಇದ್ದೂ ಯಾವುದೂ ಸಲ್ಲದ ಎರಡು ದಿನ. ಇನ್ನೊಂದು ಗುಂಡಿ: ಆ ಆರು ತಿಂಗಳಲ್ಲಿ ಸಂಬಳ ಯಾವಾಗ ಎಲ್ಲಕ್ಕಿಂತ ಕಡಿಮೆ ಇತ್ತೋ ಆ ಮಟ್ಟವೇ ವರ್ಷದ ಲೆಕ್ಕಕ್ಕೆ ಆಧಾರ. ಐದು ತಿಂಗಳು ಬೋನಸ್ಸು ತಂದವನನ್ನು ಕೈ ಕಚ್ಚಿದ ಆರನೇ ತಿಂಗಳಿನಿಂದ ಅಳೆಯುತ್ತಾರೆ. ಸಂಬಳವಿಲ್ಲದ ರಜೆ ಹಾಕುವುದಿದ್ದರೆ ಈ ಆರು ತಿಂಗಳು ಬಿಟ್ಟು ಹಾಕಬೇಕು. ಒಂದು ಸಮಾಧಾನವೆಂದರೆ ವಿಸ್ತರಣೆಯ ವೇಳೆಗೆ ಇಬ್ಬರ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ.

ಎಷ್ಟು ದುಡಿದರೆ ಪ್ರೀತಿ ಸಾಚಾ? 2024ರ ಏಪ್ರಿಲ್ 10ರ ತನಕ ವರ್ಷಕ್ಕೆ 18,600 ಪೌಂಡ್ ಸಾಕಿತ್ತು. ಬೆಳಗಾಗುವುದರಲ್ಲಿ 29,000 ಆಯಿತು. ಒಂದೇ ರಾತ್ರಿಯಲ್ಲಿ 10,400 ಪೌಂಡ್ ಏರಿದ ಬೇರೆ ಸರಕು ಆ ವರ್ಷ ಮಾರುಕಟ್ಟೆಯಲ್ಲಿ ಇದ್ದಂತಿಲ್ಲ. ನಮ್ಮ ಮದುಮಗಳು ಅದಕ್ಕೂ ಮುಂಚೆ ಬಂದವಳಾದ್ದರಿಂದ ಆಕೆಗೆ ಕೊನೆ ತನಕ ಹಳೇ ದರ, ಅದೇ ಗಂಡನ ಜೊತೆ ಇದ್ದರೆ. ಗಂಡ ಬದಲಾದರೆ ದರವೂ ಬದಲು. ಸಪ್ತಪದಿಗಿಂತ ಗಟ್ಟಿಯಾದ ಬಂಧನ ಇದು.

ಒಟ್ಟಿಗೆ ಬಾಳಿದ್ದಕ್ಕೆ ಸಾಕ್ಷಿ ಆರು ಪತ್ರ: ಎರಡು ವರ್ಷದುದ್ದಕ್ಕೂ ಹರಡಿರಬೇಕು, ಕನಿಷ್ಠ ಮೂರು ಬೇರೆ ಬೇರೆ ಮೂಲದಿಂದ ಬಂದಿರಬೇಕು, ಇಬ್ಬರ ಹೆಸರೂ ಇರಬೇಕು. ಹೆಸರು ಒಟ್ಟಿಗಿಲ್ಲದಿದ್ದರೆ ಒಬ್ಬೊಬ್ಬರಿಗೂ ಆರಾರು. ಬ್ಯಾಂಕು, ವಿದ್ಯುತ್ತು, ನೀರು ಎಲ್ಲರೂ ಕಾಗದ ಉಳಿಸಿ ಮರ ಉಳಿಸಿ ಎಂದು ಈಮೇಲಿಗೆ ಇಳಿದ ಕಾಲದಲ್ಲಿ ಸರ್ಕಾರ ದಾಂಪತ್ಯವನ್ನು ಲಕೋಟೆಯಲ್ಲಿ ಹುಡುಕುತ್ತಿದೆ. ಬಂದ ವಾರವೇ ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಗೆ ಹೆಂಡತಿಯ ಹೆಸರು ಸೇರಿಸಿ, ಜಂಟಿ ಖಾತೆ ತೆರೆದು, ಜಿಪಿ ಎಂಬ ಕುಟುಂಬ ವೈದ್ಯರ ಬಳಿ ನೋಂದಾಯಿಸಿದವರು ಗೆದ್ದರು. 29ನೇ ತಿಂಗಳಲ್ಲಿ ಎಚ್ಚರವಾದವರು ಹಳೇ ದಿನಾಂಕದ ಪತ್ರಕ್ಕಾಗಿ ಕಸ್ಟಮರ್ ಕೇರಿನ ಸಂಗೀತ ಕೇಳುತ್ತ ಕೂರುತ್ತಾರೆ. ಇಂಗ್ಲಿಷಿನದೂ ಮೆಟ್ಟಿಲು ಮೆಟ್ಟಿಲು: ಬರುವಾಗ ಎ1, ವಿಸ್ತರಣೆಗೆ ಎ2, ನೆಲೆಗೆ ಬಿ1. ಪರೀಕ್ಷೆಯ ಸೀಟು ಕಾಯ್ದಿರಿಸುವುದನ್ನು 28 ದಿನದ ಒಳಗೆ ತುರುಕಬಾರದು, ಅದು ಮೂರು ನಾಲ್ಕು ತಿಂಗಳು ಮುಂಚಿನ ಕೆಲಸ.

ಎಲ್ಲ ಮುಹೂರ್ತವೂ ಕೂಡಿಬಂದರೆ ಐದು ವರ್ಷದ ದಕ್ಷಿಣೆ ಅದೇ 2025ರ ದರದಲ್ಲಿ ಹೀಗೆ: ಮೊದಲ ವೀಸಾ 1,938, ಅದರ ಸರ್‌ಚಾರ್ಜ್ 3,105 (2 ವರ್ಷ 9 ತಿಂಗಳನ್ನು ಅವರು 3 ವರ್ಷವೆಂದೇ ಎಣಿಸುತ್ತಾರೆ, ಇಲ್ಲಿ ಮಾತ್ರ ಕೈ ಧಾರಾಳ), ವಿಸ್ತರಣೆ 3,908.50, ನೆಲೆಯ ಅರ್ಜಿ 3,029. ಒಟ್ಟು 11,980.50 ಪೌಂಡ್. 24 ಪ್ರಶ್ನೆಗಳ ಲೈಫ್ ಇನ್ ದ ಯುಕೆ ಪರೀಕ್ಷೆಗೆ ಬೇರೆ 50. ಅದರಲ್ಲಿ 18 ಸರಿಯಾದರೆ ಪಾಸು. 28 ದಿನದ ಬಗ್ಗೆ ಒಂದು ಪ್ರಶ್ನೆ ಹಾಕಿದ್ದರೆ ನಮ್ಮವರೆಲ್ಲ ನೂರಕ್ಕೆ ನೂರು ತೆಗೆಯುತ್ತಿದ್ದರು.

ನೆಲೆ ಸಿಕ್ಕ ಮೇಲೆ ಪಂಚಾಂಗ ಅಟ್ಟಕ್ಕೆ ಎಸೆಯಬಹುದು ಎಂದುಕೊಂಡಿರಾ? ಗಂಡ ಬ್ರಿಟಿಷ್ ಪೌರನಾಗಿದ್ದರೆ ಮರುದಿನವೇ ಪೌರತ್ವಕ್ಕೆ ಅರ್ಜಿ ಹಾಕಬಹುದು. ಮೂರು ವರ್ಷದಲ್ಲಿ ಹೊರಗಿದ್ದ ದಿನ 270 ದಾಟಿರಬಾರದು, ಕೊನೆಯ ವರ್ಷದಲ್ಲಿ 90 ದಾಟಿರಬಾರದು. ಜೊತೆಗೆ ಅರ್ಜಿ ಅವರ ಕೈ ಸೇರಿದ ದಿನಕ್ಕೆ ಸರಿಯಾಗಿ ಮೂರು ವರ್ಷದ ಹಿಂದೆ, ಅದೇ ದಿನ, ನೀವು ಬ್ರಿಟನ್ನಿನ ನೆಲದ ಮೇಲೆ ನಿಂತಿರಬೇಕು. ಅವತ್ತು ತಂಗಿಯ ಮದುವೆಗೆಂದು ಊರಲ್ಲಿದ್ದಿರಾದರೆ, ಮದುವೆ ಮುಗಿಸಿ ವಿಮಾನ ಇಳಿದ ತಾರೀಖು ಯಾವುದು ಎಂದು ಪಾಸ್‌ಪೋರ್ಟ್ ತಿರುವಿ ನೋಡಿ, ಅದಕ್ಕೆ ಮೂರು ವರ್ಷ ತುಂಬಿದ ಮಾರನೇ ದಿನಕ್ಕೆ ಅರ್ಜಿ ಇಟ್ಟುಕೊಳ್ಳಿ.