ಏಳು, ಏಳು, ಏಳು

ನಮ್ಮ ಕಚೇರಿಯಲ್ಲಿ ಸರ್ವರ್‌ನ ಫೋಲ್ಡರ್ ನೋಡಬೇಕೆಂದರೆ ಮೂರು ಸಹಿ ಬೇಕು. ಅರ್ಜಿ ಕೇಸ್ ವರ್ಕರ್ ಮೇಜಿನಿಂದ ಸೂಪರಿಂಟೆಂಡೆಂಟರ ಮೇಜಿಗೆ, ಅಲ್ಲಿಂದ ಸಾಹೇಬರ ಚೇಂಬರಿಗೆ ಹೋಗಿ, "ಪರಿಶೀಲಿಸಿ ಮಂಡಿಸಿ" ಎಂಬ ಷರಾ ಹೊತ್ತು ಮರಳುತ್ತದೆ. ಹದಿನೈದು ದಿನಕ್ಕೆ ಅನುಮತಿ ಸಿಗುತ್ತದೆ. ಅಷ್ಟರಲ್ಲಿ ಅರ್ಜಿದಾರರು ಅದೇ ಫೋಲ್ಡರ್ ತೆರೆದು ಕೆಲಸ ಮುಗಿಸಿಕೊಂಡಿರುತ್ತಾರೆ. ಅದು ಎಲ್ಲರಿಗೂ ತೆರೆದೇ ಇದೆಯಲ್ಲ!

ಸರ್ವರ್ ಬಂದ ಹೊಸದರಲ್ಲಿ ಯಾರದೋ ಫೈಲ್ ಸೇವ್ ಆಗಲಿಲ್ಲ. ಸಿಸ್ಟಂ ಹುಡುಗ ಬಂದು ಸರ್ವರ್ ನಡೆಸುವ ಲಿನಕ್ಸ್ ತಂತ್ರಾಂಶದ ಕಪ್ಪು ಪರದೆ ಮುಂದೆ ಕೂತು, ಬಾಯಲ್ಲಿ ಹೇಳಿಕೊಳ್ಳುತ್ತಲೇ ಕುಟ್ಟಿದ: "ಏಳು, ಏಳು, ಏಳು." ಸೂಪರಿಂಟೆಂಡೆಂಟರು ಕುರ್ಚಿಯಿಂದ ಅರ್ಧ ಎದ್ದು, "ಏನೋ, ನನಗೇ ಏಕವಚನವಾ?" ಎಂದರು. ಹುಡುಗ ಬಿಡಿಸಿ ಹೇಳಿದ, ಇದು ಫೋಲ್ಡರಿನ ಅನುಮತಿಯ ಅಂಕಿ: ಓದುವುದಕ್ಕೆ 4, ಬರೆಯುವುದಕ್ಕೆ 2, ಫೋಲ್ಡರಿನ ಹೊಸ್ತಿಲು ದಾಟುವುದಕ್ಕೆ 1, ಕೂಡಿದರೆ 7. ಮೊದಲ ಏಳು ಮಾಲೀಕನಿಗೆ, ನಡುವಿನದು ಗುಂಪಿಗೆ, ಕೊನೆಯದು ಊರವರಿಗೆಲ್ಲ. "ಹಾಗೇ ಇರಲಿ ಬಿಡಪ್ಪ, ಯಾರ ತಕರಾರೂ ಬೇಡ" ಎಂದರು ಸಾಹೇಬರು. ಆವತ್ತಿನಿಂದ ಚಿಲಕವೇ ಇಲ್ಲದ ಬಾಗಿಲಿಗೆ ನಾವು ಕೀ ರಿಜಿಸ್ಟರ್ ಬರೆಯುತ್ತಿದ್ದೇವೆ.

ಕಳೆದ ತಿಂಗಳು ಸೀನಿಯಾರಿಟಿ ಪಟ್ಟಿ ಮಾಯವಾಯಿತು. "ಆ ಫೈಲಿಗೆ 644 ಹಾಕಿಸಿದ್ದೆ. ಬೇರೆಯವರು ಓದಬಹುದೇ ಹೊರತು ಒಂದಕ್ಷರ ತಿದ್ದುವಂತಿಲ್ಲ" ಎಂದು ಎಫ್‌ಡಿಎ ಮೇಡಂ ವಾದ. ತಿದ್ದಿಲ್ಲ ಮೇಡಂ, ಅಳಿಸಿದ್ದಾರೆ. ಅಳಿಸಬಹುದೋ ಇಲ್ಲವೋ ಎಂದು ಲಿನಕ್ಸ್ ಕೇಳುವುದು ಫೈಲನ್ನಲ್ಲ, ಫೋಲ್ಡರನ್ನು. ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲಿಟ್ಟರೆ ಯಾರೂ ಗೀಚಲಾರರು, ನಿಜ. ಎತ್ತಿಕೊಂಡು ಹೋಗಲು ಏನಡ್ಡಿ?

ಮುಂದೊಂದು 1 ಸೇರಿಸಿ 1777 ಮಾಡಿದರೆ ಅವರವರ ಫೈಲನ್ನು ಅವರವರೇ ಅಳಿಸಬಹುದು, ಬೇರೆಯವರದನ್ನು ಅಳಿಸುವಂತಿಲ್ಲ ಎಂದ ಹುಡುಗ. ಆದರೆ ಇಲ್ಲಿ ಬೇರೆಯವರು ಯಾರು? ಇಡೀ ಕಚೇರಿ ಲಾಗಿನ್ ಆಗುವುದು ಒಂದೇ ಹೆಸರಿನಲ್ಲಿ; ಪಾಸ್‌ವರ್ಡ್ ಕ್ಯಾಲೆಂಡರ್ ಪಕ್ಕದಲ್ಲಿ ಅಂಟಿಸಿದೆ. ಶೃಂಗೇರಿಯಲ್ಲೂ ಇಷ್ಟು ಶುದ್ಧ ಅದ್ವೈತ ಸಿಗಲಾರದು.

ವಿಚಾರಣೆ ನಡೆಯಿತು. ಲಾಗ್ ತೆಗೆಸಿದರೆ, ಪಟ್ಟಿ ಅಳಿಸಿದವರು ಮೂರು ವರ್ಷದ ಹಿಂದೆಯೇ ನಿವೃತ್ತರಾದ ನಮ್ಮ ಅದೇ ಸೂಪರಿಂಟೆಂಡೆಂಟರು! ನೋಟಿಸ್ ಹೋಯಿತು. ಉತ್ತರ ಬರೆಯುವ ಮೊದಲು ಒಂದು ಸಲ ಫೋಲ್ಡರ್ ನೋಡುತ್ತೇನೆ ಎಂದು ಪಾಪ, ಬಸ್ಸು ಹತ್ತಿ ಬಂದಿದ್ದರು.

"ಅರ್ಜಿ ಕೊಡಿ ಸಾರ್, ಮೂರು ಸಹಿ ಆಗ್ಬೇಕು" ಎಂದೆವು.

ಈ ಸಲ ಕುರ್ಚಿಯಿಂದ ಪೂರ್ತಿ ಎದ್ದರು.